ಹೆಣಿಗೆಯ ತಾಸು

ಪರೀಕ್ಷೆಯ ವರ್ಷದಲ್ಲಿ ಹೆಣಿಗೆಯ ತಾಸನ್ನು ಬಿಡಿಸಿ ಗಣಿತಕ್ಕೆ ಕೊಡಬೇಕೆಂದು ಕೆಲವು ಪಾಲಕರು ನಮ್ಮನ್ನು ಕೇಳಿಕೊಂಡಿರುವರು. ಅವರ ಕಳಕಳಿಯನ್ನು ನಾವು ಬಲ್ಲೆವು; ಆದರೂ ಆ ಮಾತಿಗೆ ಒಪ್ಪಲಾರೆವು. ಕಾರಣವನ್ನು ಒಂದು ಕೊರಳಪಟ್ಟಿಯ ಮೂಲಕ ಅರಿಕೆ ಮಾಡುವೆವು.

ಹಮ್ಮಿಗಿಯ ವಿದ್ಯಾರ್ಥಿನಿಯೊಬ್ಬಳಿಗೆ ಲೇಸಿನ ಕೊರಳಪಟ್ಟಿ ಹೆಣೆಯಲು ಹೇಳಿ ಪುಸ್ತಕವೊಂದನ್ನು ಕೊಟ್ಟಿದ್ದೆವು. ಅದರಲ್ಲಿದ್ದದ್ದು ಹಿಮದ ಹರಳಿನ ಮಾದರಿ. “ಅಕ್ಕೋರ, ಹಿಮಾ ನಾ ನೋಡಿಲ್ರಿ. ನಮ್ಮ ಹೊಳಿ ಉಸುಕು ಹೆಣೀಲೇನ್ರಿ?” ಎಂದಳು. ನಾವು ಬೇಡವೆಂದೆವು. ಅದು ನಮ್ಮ ತಪ್ಪು. ಶೆಟ್ಲಂಡ್ ದ್ವೀಪಗಳ ಹೆಂಗಸರು ತಮ್ಮ ಲೇಸಿಗೆ ಕಡಲ ತೆರೆಯ ಹೆಸರನ್ನೇ ಇಟ್ಟುಕೊಂಡರು. ನಮ್ಮ ಕಸೂತಿಯಾದರೂ ಗೋಪುರ, ತೇರು, ತುಳಸಿಕಟ್ಟೆಗಳನ್ನೇ ಸೀರೆಗೆ ಇಳಿಸಿತಷ್ಟೆ. ಮರುದಿನ ಅವಳನ್ನು ಕರೆದು ಒಪ್ಪಿಗೆಯಿತ್ತೆವು.

ಶೆಟ್ಲಂಡಿನ ‘ಓಲ್ಡ್ ಶೇಲ್’ ಎಂಬ ಅಲೆಯ ಮಾದರಿಗೆ 18 ಕುಣಿಕೆ, 4 ಸಾಲು. 6 ಸಲ ನೂಲನ್ನು ಕಡ್ಡಿಗೆ ಸುತ್ತಿ ಕಿಂಡಿ ಬಿಟ್ಟರೆ, 6 ಸಲ ಎರಡೆರಡು ಕುಣಿಕೆಗಳನ್ನು ಒಂದಾಗಿ ಹೆಣೆಯಬೇಕು. ಕಿಂಡಿಯಿರುವಲ್ಲಿ ಸಾಲು ಒಂದು ಕಡೆಗೂ, ಕುಣಿಕೆ ಕೂಡಿದಲ್ಲಿ ಇನ್ನೊಂದು ಕಡೆಗೂ ಬಾಗುವದು, ಅದೇ ಅಲೆ. ಅವಳು 144 ಕುಣಿಕೆಗಳನ್ನೆತ್ತಿ ಎಂಟು ಅಲೆ ಹೆಣೆದು ಮನೆಗೆ ಒಯ್ದಳು. ಅಜ್ಜಿ ಒಪ್ಪಲಿಲ್ಲ. ಕಡಲ ತೆರೆ ಹೋಗಿ ಬರುವದು, ಹೊಳೆ ಒಂದೇ ದಿಕ್ಕಿಗೆ ಹರಿಯುವದು. ಆದ್ದರಿಂದ ಹೊಳೆಯ ಉಸುಕಿನ ಗೆರೆ ಮೇಲ್ಗಡೆ ಉದ್ದವಾಗಿ ಏರಿ ಕೆಳಗಡೆ ಥಟ್ಟನೆ ಇಳಿಯುವದೆಂದು ಬೆರಳಿನಿಂದ ಬರೆದು ತೋರಿಸಿದಳಂತೆ. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಹಮ್ಮಿಗಿಯ ಬಳಿ ತುಂಗಭದ್ರೆಯನ್ನು ತಡೆದ ಮೇಲೆ ಅದರ ಮೇಲ್ಗಡೆಯ ಉಸುಕೆಲ್ಲ ನೀರಿನಡಿಗೆ ಸೇರಿದೆ. ಹೊಲಗಳಿಗೆ ನೀರು ಬೇಕು, ನಿಜ. ಆದರೆ ಅಜ್ಜಿ ಕಂಡದ್ದನ್ನು ಮೊಮ್ಮಗಳು ಅಲ್ಲಿ ಕಾಣಲಾರಳು.

ಹುಡುಗಿ ಎಲ್ಲವನ್ನೂ ಬಿಚ್ಚಿದಳು. ಅಲೆಯ ಒಂದು ಮಗ್ಗುಲಿಗೆ ಮಾತ್ರ 6 ಸಾದಾ ಕುಣಿಕೆಗಳನ್ನು ಸೇರಿಸಿದಳು. ಈಗ ಅಲೆಗೆ 24 ಕುಣಿಕೆ. 144ರಲ್ಲಿ ಎಂಟರ ಬದಲು ಆರು ಅಲೆ, ಶೇಷವಿಲ್ಲ. ಈ ಲೆಕ್ಕವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಣಿತಕ್ಕೆ ತಾಸು ಬೇಡುವ ಪಾಲಕರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ಬಿನ್ನಹ.

ಕೆಲಸವು ದೋಷವಿಲ್ಲದ್ದಾಗಿರಲಿಲ್ಲ. ಕಂಬಳಿಯ ಉಣ್ಣೆ ಲೇಸಿಗೆ ಒರಟೆಂದು ಹತ್ತಿಯ ನೂಲು ಹಿಡಿದಿದ್ದಳು; ತೋಯಿಸಿ, ಗುಂಡುಸೂಜಿ ಚುಚ್ಚಿ ಒಣಗಿಸಿದರೂ ಹತ್ತಿಯು ಉಣ್ಣೆಯಂತೆ ಆಕಾರ ಹಿಡಿದು ನಿಲ್ಲದು. ಪ್ರದರ್ಶನವೊಂದರಲ್ಲಿ ಬಹುಮಾನವು ಹಿಮದ ಹರಳಿಗೇ ಹೋಯಿತು. ಕೊರಳಪಟ್ಟಿಯನ್ನು ಈಗ ಅಜ್ಜಿ ಚಳಿಯ ಮುಂಜಾನೆ ಧರಿಸುವಳು.

ಹೆಣಿಗೆಯ ತಾಸನ್ನು ನಾವು ಉಳಿಸಿಕೊಂಡಿರುವೆವು. ಡೋಣಿಯ ಹುಡುಗಿಯೊಬ್ಬಳು ಈ ವರ್ಷ ಕಪ್ಪತಗುಡ್ಡದ ಸಾಲುಗಳನ್ನು ಹೆಣೆಯಲು ಹಿಡಿದಿರುವಳು; ಅವಳ ಕುಣಿಕೆಗಳ ಲೆಕ್ಕ ಇನ್ನೂ ಕೂಡಿಬಂದಿಲ್ಲ.