ಗೋಡೆಯ ಮೇಲಿನ ಗಾಳಿಯಂತ್ರ

ಕಳೆದ ತಿಂಗಳು ಸ್ನೇಹಿತರೊಬ್ಬರ ಗೃಹಪ್ರವೇಶಕ್ಕೆ ಕುಟುಂಬಸಮೇತ ಹೋಗಿದ್ದೆ. ನಡುಮನೆಯಲ್ಲಿ, ನಮ್ಮ ಹಿರಿಯರ ಕಾಲದಲ್ಲಾದರೆ ಅಜ್ಜ-ಅಜ್ಜಿಯರ ಭಾವಚಿತ್ರವಿರುತ್ತಿದ್ದ ಗೋಡೆಯ ಮೇಲೆ, ನಾಲ್ಕಡಿ ಅಗಲದ ಹಳೆಯ ಛಾಯಾಚಿತ್ರವೊಂದು ತೂಗುತ್ತಿತ್ತು. ಕಂದುಬಣ್ಣದ ಬಯಲು, ಅದರ ನಡುವೆ ಕಬ್ಬಿಣದ ಅಟ್ಟಣಿಗೆ, ತುದಿಯಲ್ಲಿ ರೆಕ್ಕೆಗಳು ಅರ್ಧ ಉದುರಿದ ಗಾಳಿಚಕ್ರ, ಬುಡದಲ್ಲಿ ಒಣಗಿದ ತೊಟ್ಟಿ. ಬಂದವರೆಲ್ಲ ಮೆಚ್ಚಿದರು. ಏಳನೆಯ ತರಗತಿಯಲ್ಲಿ ಓದುವ ನನ್ನ ಮಗಳು ಮಾತ್ರ, ‘ಇದು ಕೆಟ್ಟ ಮೇಲೆ ಅಲ್ಲಿಯವರಿಗೆ ನೀರು ಎಲ್ಲಿಂದ ಬಂತು?’ ಎಂದು ಕೇಳಿದಳು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ರಾಯದುರ್ಗ ಸೀಮೆಯ ಮಗುವಿಗೆ ಅದು ಸಹಜವಾದ ಪ್ರಶ್ನೆ.

ನ್ಯಾಯಾಲಯದಲ್ಲಿ ಛಾಯಾಚಿತ್ರವನ್ನು ಮುಂದಿಟ್ಟರೆ, ತೆಗೆದವರು ಯಾರು, ಎಂದು, ಎಲ್ಲಿ ಎಂದು ಮೊದಲು ಕೇಳುತ್ತಾರೆ. ಈ ಚಿತ್ರದಲ್ಲಿ ಅದಾವುದೂ ನಮೂದಾಗಿರಲಿಲ್ಲ. ಆದರೆ ಒತ್ತಾದ ರೆಕ್ಕೆಗಳೂ ಹಿಂದಿನ ಬಾಲವೂ ಅದು ಅಮೆರಿಕದ ಹುಲ್ಲುಗಾವಲು ಪ್ರದೇಶದ ಗಾಳಿಯಂತ್ರದ ಜಾತಿಯದೆಂದು ಸಾಕ್ಷಿ ನುಡಿಯುತ್ತಿದ್ದವು. ಅದು ಹಿಟ್ಟು ಬೀಸುವ ಯಂತ್ರವಲ್ಲ, ನೀರೆತ್ತುವ ಯಂತ್ರ. ಬಾಲವು ಚಕ್ರವನ್ನು ಗಾಳಿಗೆ ಅಭಿಮುಖವಾಗಿ ನಿಲ್ಲಿಸುತ್ತದೆ. ಚಕ್ರದ ಸುತ್ತನ್ನು ಹಲ್ಲುಗಾಲಿಗಳು ಮೇಲುಕೆಳಗಿನ ಚಲನೆಯಾಗಿ ಮಾರ್ಪಡಿಸುತ್ತವೆ. ಬಾವಿಯೊಳಕ್ಕೆ ಇಳಿದ ಸರಳು ಆಡಿದಂತೆಲ್ಲ ನೀರು ಮೇಲೇರುತ್ತದೆ.

ಬಿರುಗಾಳಿಯೆದ್ದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವ ಇಂಥ ಯಂತ್ರಕ್ಕೆ ಕನೆಕ್ಟಿಕಟ್ ರಾಜ್ಯದ ಡೇನಿಯಲ್ ಹ್ಯಾಲಡೇ 1854ರಲ್ಲಿ ಪೇಟೆಂಟ್ ಪಡೆದರು. 1862ರ ಹೋಮ್‌ಸ್ಟೆಡ್ ಕಾಯಿದೆಯ ಮೇರೆಗೆ 160 ಎಕರೆಯಂತೆ ಭೂಮಿ ಪಡೆದವರು ಮಳೆ ಕಡಿಮೆಯಾದ ಬಯಲಿನಲ್ಲಿ ನೆಲೆಯೂರಲು ಈ ಚಕ್ರವೂ ಆಸರೆಯಾಯಿತು. ಆ ನೆಲ ಅದಕ್ಕೆ ಮೊದಲು ಮೂಲನಿವಾಸಿಗಳದಾಗಿತ್ತೆಂಬುದನ್ನೂ ಮರೆಯಲಾಗದು. ಥಾಮಸ್ ಪೆರ್ರಿ 1882-83ರಲ್ಲಿ 5,000ಕ್ಕೂ ಹೆಚ್ಚು ಪ್ರಯೋಗಗಳನ್ನು ನಡೆಸಿ ಬಾಗಿದ ಉಕ್ಕಿನ ರೆಕ್ಕೆಗಳ ಚಕ್ರವನ್ನು ರೂಪಿಸಿದರು. 1888ರಲ್ಲಿ ಷಿಕಾಗೋದಲ್ಲಿ ಆರಂಭವಾದ ಏರ್‌ಮೋಟರ್ ಕಂಪನಿ ಅದನ್ನು ಊರೂರಿಗೆ ಮುಟ್ಟಿಸಿತು.

ಗಾಳಿ ಪುಕ್ಕಟೆಯಾದರೂ ಎಣ್ಣೆ ಹಾಕುವ ಕೆಲಸ ತಪ್ಪುತ್ತಿರಲಿಲ್ಲ. ಮನೆಯವರೊಬ್ಬರು ಆಗಾಗ ಅಟ್ಟಣಿಗೆಯನ್ನೇರಿ ಹಲ್ಲುಗಾಲಿಗಳಿಗೆ ಎಣ್ಣೆ ಹಾಕಬೇಕಿತ್ತು. 1915ರಲ್ಲಿ ಬಂದ ಹೊಸ ಮಾದರಿಗೆ ವರ್ಷಕ್ಕೊಮ್ಮೆ ಹಾಕಿದರೆ ಸಾಕಾಗುತ್ತಿತ್ತು, ಆದರೆ ಆ ಒಮ್ಮೆಯಾದರೂ ಏರಲೇಬೇಕಿತ್ತು. 1936ರ ಗ್ರಾಮೀಣ ವಿದ್ಯುದೀಕರಣ ಕಾಯಿದೆಯ ನಂತರ ಹೊಲಗಳಿಗೆ ತಂತಿ ಬಂದಿತು, ಪಂಪು ಬಂದಿತು. ಮೇಲೇರುವವರು ಇಲ್ಲವಾದರು. ಗಾಳಿ ಮೊದಲಿನಂತೆಯೇ ಬೀಸುತ್ತಿತ್ತು.

ಮಗಳಿಗೆ ಇಷ್ಟನ್ನು ಹೇಳಿದೆ. ಅವರಿಗೆ ನೀರು ಬೇರೆ ಯಂತ್ರದಿಂದ ದೊರಕಿತೆಂದು ತಿಳಿದು ಆಕೆ ಸಮಾಧಾನಗೊಂಡಳು. ನನಗೆ ಸಮಾಧಾನವಾಗಲಿಲ್ಲ.

ಅದೇ ವಾರ ನಾನು ಕಲಿತ ಕನ್ನಡ ಶಾಲೆಯ ಹಂಚಿನ ಕಟ್ಟಡದ ಚಿತ್ರವನ್ನು ಸಹಪಾಠಿಯೊಬ್ಬರು ಮೊಬೈಲಿನಲ್ಲಿ ಕಳುಹಿಸಿದ್ದರು. ಗೋಡೆಯ ಬಿರುಕೂ ಅದರಲ್ಲಿ ಸುಂದರವಾಗಿ ಕಾಣುತ್ತಿತ್ತು. ಹೊಗಳಿ ಬರೆದವರಲ್ಲಿ ನಾನೂ ಒಬ್ಬ. ಆ ಶಾಲೆಯ ಒಂದನೆಯ ತರಗತಿಗೆ ಈ ವರ್ಷ ಸೇರಿದ ಮಕ್ಕಳು ನಾಲ್ವರು. ಹೊಗಳಿದ ನಾವು ಅದಕ್ಕಿಂತ ಹೆಚ್ಚು ಮಂದಿ ಇದ್ದೆವು.

ಬಳ್ಳಾರಿ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಸೇರಿದವು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧಿಸಲು ಸಾಕಷ್ಟು ಸೌಲಭ್ಯಗಳನ್ನು ಒದಗಿಸಲು ಪ್ರಯತ್ನಿಸಬೇಕೆಂದು ಪ್ರತಿ ರಾಜ್ಯಕ್ಕೂ ಸ್ಥಳೀಯ ಪ್ರಾಧಿಕಾರಕ್ಕೂ ವಿಧಿಸುತ್ತದೆ. ಗಾಳಿಯಂತೆ ಈ ವಿಧಿಯೂ ಇಂದಿಗೂ ಇದೆ. ಆದರೆ ಮಕ್ಕಳೇ ಇಲ್ಲದ ತರಗತಿಗೆ ಶಿಕ್ಷಕರನ್ನು ಕೊಡಿರೆಂದು ಅರ್ಜಿ ಬರೆಯುವುದು ಎಷ್ಟು ಕಷ್ಟವೆಂಬುದನ್ನು ವೃತ್ತಿಯಲ್ಲಿ ಬಲ್ಲೆ. ದಾಖಲಾತಿ ಅರ್ಜಿಯಲ್ಲಿ ಮಾತೃಭಾಷೆ ಕನ್ನಡವೆಂದು ಬರೆಯಿಸುವುದು, ಜನಗಣತಿಯವರು ಬಂದಾಗ ಹಾಗೆಯೇ ಹೇಳುವುದು, ಪೋಷಕರ ಸಭೆಗೆ ತಪ್ಪದೆ ಹೋಗುವುದು, ಪಠ್ಯಪುಸ್ತಕ ತಡವಾದರೆ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯುವುದು: ನಮ್ಮ ಪಾಲಿನ ಎಣ್ಣೆ ಹಾಕುವ ಕೆಲಸವೆಂದರೆ ಇವೇ.

ಉಪದೇಶಕ್ಕೆ ನನಗೆ ಪೂರ್ಣ ಅಧಿಕಾರವಿಲ್ಲ. ಮಗಳನ್ನು ಕನ್ನಡ ಶಾಲೆಗೆ ಸೇರಿಸಿದೆ. ಹಿರಿಯ ಮಗನನ್ನು ಸೇರಿಸಿರಲಿಲ್ಲ. ಆಗ ಭಯಪಟ್ಟಿದ್ದೆ. ತಂದೆ ಪ್ರತಿವಾರ ಬರೆಯುವ ಈ ಅಂಕಣವನ್ನು ಆತ ಓದಲಾರ. ಗೃಹಪ್ರವೇಶದಿಂದ ಹಿಂತಿರುಗುವಾಗ ಆತನಿಗೆ ಈ ಮಾತನ್ನು ಹೇಳಿದೆ. ಈಗ ಭಾನುವಾರಗಳಂದು ತಂಗಿಯೇ ಅಣ್ಣನಿಗೆ ಅಕ್ಷರ ಕಲಿಸುತ್ತಿದ್ದಾಳೆ. ಒತ್ತಕ್ಷರಗಳವರೆಗೆ ಬಂದಿದ್ದಾರೆ.