‘ಬಿರ್ರ್’ ಎಂಬುದಕ್ಕೆ ಕನ್ನಡವೇನು?

ಇಸ್ಲಾಮಿನ ನೀತಿಚಿಂತನೆಯನ್ನು ಕನ್ನಡದಲ್ಲಿ ವಿವರಿಸಹೊರಟವರಿಗೆ ಮೊದಲು ಎದುರಾಗುವ ಪದ ‘ಬಿರ್ರ್’. ಅದನ್ನು ‘ಸದಾಚಾರ’ ಎಂದು ಅನುವಾದಿಸುವುದು ಸುಲಭ. ಆದರೆ ಸದಾಚಾರವೆಂದೊಡನೆ ಕನ್ನಡ ಮನಸ್ಸಿಗೆ ತೋರುವುದು ನೇಮ, ನಿಷ್ಠೆ, ನಡತೆಯ ಶುದ್ಧಿ. ಅರಬ್ಬೀ ಪದದ ಹರಹು ಇನ್ನೂ ದೊಡ್ಡದು. ಅದೇ ಧಾತುವಿನ ‘ಬರ್ರ್’ ಎಂದರೆ ಕಡಲಿಗೆ ಪ್ರತಿಯಾದ ನೆಲ. ನೆಲದಂತೆ ವಿಶಾಲವಾದ ಒಳಿತೇ ಬಿರ್ರ್ ಎಂದು ಹಳೆಯ ನಿಘಂಟುಕಾರರು ಬಿಡಿಸಿ ಹೇಳಿದ್ದುಂಟು.

ಕ್ರಿ.ಶ. 624ರ ಸುಮಾರಿಗೆ ಮುಸ್ಲಿಮರ ಪ್ರಾರ್ಥನೆಯ ದಿಕ್ಕು ಜೆರುಸಲೇಮಿನಿಂದ ಮಕ್ಕಾದತ್ತ ಬದಲಾದಾಗ ಮದೀನಾದಲ್ಲಿ ವಾದವೆದ್ದಿತು. ಕುರ್‌ಆನಿನ ಎರಡನೆಯ ಅಧ್ಯಾಯದ 177ನೆಯ ವಚನವನ್ನು ಈ ಹಿನ್ನೆಲೆಯಲ್ಲಿ ಓದುವುದು ವಾಡಿಕೆ. ಮುಖ ಯಾವ ದಿಕ್ಕಿಗಿದೆ ಎಂಬುದಷ್ಟೇ ಬಿರ್ರ್ ಅಲ್ಲವೆಂಬುದು ಅದರ ತಾತ್ಪರ್ಯ. ದೇವರಲ್ಲಿ, ಅಂತಿಮ ದಿನದಲ್ಲಿ, ದೇವದೂತರು, ಗ್ರಂಥ, ಪ್ರವಾದಿಗಳಲ್ಲಿ ನಂಬಿಕೆ, ಪ್ರಿಯವಾದ ಧನವನ್ನು ಬಂಧುಗಳಿಗೆ, ಅನಾಥರಿಗೆ, ಬಡವರಿಗೆ, ದಾರಿಹೋಕರಿಗೆ, ಬೇಡುವವರಿಗೆ, ದಾಸರ ಬಿಡುಗಡೆಗೆ ಕೊಡುವುದು, ನಮಾಜು, ಜಕಾತು, ಕೊಟ್ಟ ಮಾತಿನ ಪಾಲನೆ, ಸಂಕಟದಲ್ಲಿ ತಾಳ್ಮೆ: ಇವೆಲ್ಲ ಒಂದೇ ಪದದ ಅರ್ಥವಾಗಿ ನಿಲ್ಲುತ್ತವೆ.

ಇದರಿಂದ ನಂಬಿಕೆಯನ್ನು ತೆಗೆದು ಬರಿಯ ಪರೋಪಕಾರವನ್ನು ಉಳಿಸಿಕೊಳ್ಳುವ ಓದು ಅರ್ಧ ಓದು. ದಾನವನ್ನು ಬಿಟ್ಟು ನಮಾಜನ್ನಷ್ಟೇ ಎಣಿಸುವ ಓದೂ ಅಷ್ಟೇ ಅರ್ಧ.

ಬಿರ್ರ್ ಸ್ವಮತೀಯರಿಗೆ ಮಾತ್ರ ಸಲ್ಲತಕ್ಕದ್ದೇ ಎಂಬ ಪ್ರಶ್ನೆ ಏಳಬಹುದು. ಅರವತ್ತನೆಯ ಅಧ್ಯಾಯದ ಎಂಟನೆಯ ವಚನ ಇದಕ್ಕೆ ಉತ್ತರ. ಧರ್ಮದ ಹೆಸರಿನಲ್ಲಿ ಯುದ್ಧಕ್ಕೆ ಬಾರದ, ಮನೆಯಿಂದ ಹೊರದೂಡದ ಅನ್ಯಮತೀಯರಿಗೆ ಒಳಿತು ಮಾಡಲು ಅಡ್ಡಿಯಿಲ್ಲವೆನ್ನುವಲ್ಲಿ ಬಳಕೆಯಾದ ಕ್ರಿಯಾಪದವೂ ಇದೇ ಧಾತುವಿನದು. ತಿರುಪ್ಪೂರು ಜಿಲ್ಲೆಯ ಒಟ್ಟಪಾಳಯದಲ್ಲಿ 2024ರ ಮೇ ತಿಂಗಳಲ್ಲಿ ಇದಕ್ಕೊಂದು ನಿದರ್ಶನ ಕಂಡಿತು. ಅಲ್ಲಿಯ ಮುಸ್ಲಿಮರು ಗಣೇಶ ಗುಡಿಗಾಗಿ 3 ಸೆಂಟ್ಸ್ ಜಾಗ ದಾನವಾಗಿ ಕೊಟ್ಟಿದ್ದರು. ಗಣೇಶ ಗುಡಿಯ ಕುಂಭಾಭಿಷೇಕಕ್ಕೆ ಮುಸ್ಲಿಮರು ಕಾಣಿಕೆಯ ತಟ್ಟೆಗಳನ್ನು ಹೊತ್ತು ಮೆರವಣಿಗೆಯಲ್ಲಿ ಬಂದರು. ಎರಡೂ ಕಡೆಯವರು ತಮ್ಮ ತಮ್ಮ ದಿಕ್ಕಿಗೇ ಮುಖಮಾಡಿ ಪ್ರಾರ್ಥಿಸುವವರು. ಯಾರೂ ತಮ್ಮ ಶ್ರದ್ಧೆಯನ್ನು ಬಿಟ್ಟುಕೊಡಬೇಕಾಗಲಿಲ್ಲ.

ಆ ಸೀಮೆಯ ತಮಿಳರು ಇಂಥ ನಡೆಯನ್ನು ‘ಅಱಂ’ ಎನ್ನುವರು. ಕೊಯಮತ್ತೂರು ಕಡೆಯ ಕನ್ನಡ ಮಾತಿನ ದೇವಾಂಗ ನೇಕಾರರಿಗೂ ಅದು ಕಿವಿಗೆ ಬಿದ್ದ ಪದವೇ. ಹಳಗನ್ನಡದಲ್ಲಿಯೂ ‘ಅಱ’ ಎಂದರೆ ಧರ್ಮ, ದಾನ. ಇಂದು ಅದು ಬಿಡಿಯಾಗಿ ಬಳಕೆಯಲ್ಲಿಲ್ಲ, ‘ಅರವಟ್ಟಿಗೆ’ಯಲ್ಲಿ ಉಳಿದುಕೊಂಡಿದೆ. ದಾರಿಹೋಕನಿಗೆ ನೀರು ಕೊಡುವ ತಾಣವನ್ನು ಮರಾಠಿ ‘ಪಾಣಪೋಯಿ’ ಎಂದು ನೀರಿನ ಹೆಸರಿನಿಂದ ಕರೆದರೆ, ಕನ್ನಡ ಧರ್ಮದ ಹೆಸರಿನಿಂದಲೇ ಕರೆಯಿತು. ಬಿರ್ರ್‌ನ ಪಟ್ಟಿಯಲ್ಲಿಯೂ ದಾರಿಹೋಕನಿದ್ದಾನೆ. ಅರಬ್ಬಿಯಲ್ಲಿ ಅವನು ‘ದಾರಿಯ ಮಗ’.

ಆದುದರಿಂದ ಬಿರ್ರ್‌ಗೆ ಸಂವಾದಿಯಾದ ಕನ್ನಡ ಪದವನ್ನು ಅರಸುವ ವಿದ್ಯಾರ್ಥಿಗಳು ‘ಸದಾಚಾರ’ದಲ್ಲಿಯೇ ನಿಲ್ಲಬೇಕಿಲ್ಲ. ‘ಅಱ’ವೂ ಪೂರ್ಣ ಸಮಾನಾರ್ಥಕವಲ್ಲ, ನಿಜ, ದೈವಶ್ರದ್ಧೆಯ ಅಂಶವನ್ನು ಅದರೊಡನೆ ವಿವರಿಸಿ ಹೇಳಬೇಕಾಗುತ್ತದೆ. ಆದರೆ ನೆರೆಯವರ ಧರ್ಮವನ್ನು ಅವರ ಉಡುಪಿನಿಂದಲೂ ಅವರು ತಿರುಗುವ ದಿಕ್ಕಿನಿಂದಲೂ ಅಳೆಯುವ ಈ ಕಾಲದಲ್ಲಿ, ಕೊಡುವ ಕೈಯನ್ನು ಮೊದಲು ನೆನಪಿಸುವ ಪದವನ್ನು ಆಯ್ದುಕೊಳ್ಳುವುದು ಅನುವಾದಕನ ಹೊಣೆ.