ಬೆಳಕು ಬರೆದ ಹೆಸರು

ಮನೆ ಕಟ್ಟಿದವರು ಅದಕ್ಕೊಂದು ಹೆಸರಿಟ್ಟು, ಆ ಹೆಸರನ್ನು ಬಾಗಿಲ ಬಳಿ ಬರೆಯಿಸುವುದು ನಮ್ಮ ಮೈಸೂರಿನಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಚಾಮರಾಜಪುರ, ಸರಸ್ವತೀಪುರ, ಜಯಲಕ್ಷ್ಮೀಪುರಗಳ ಬೀದಿಗಳಲ್ಲಿ ಸಂಜೆಯ ಹೊತ್ತು ಅಡ್ಡಾಡುವವರು ಗೋಡೆಗಳನ್ನು ಓದಿಕೊಂಡೇ ಹೋಗಬಹುದು. ಒಂದು ಮನೆಯ ಮೇಲೆ ಇಷ್ಟದೈವದ ಹೆಸರು, ಇನ್ನೊಂದರ ಮೇಲೆ ತಾಯಿಯ ನೆನಪು, ಮತ್ತೊಂದರ ಮೇಲೆ ಯಜಮಾನರ ಕಾವ್ಯಾಭಿರುಚಿ. ಒಂಟಿಕೊಪ್ಪಲಿನ ತಮ್ಮ ಮನೆಗೆ ಕುವೆಂಪು ಅವರು ‘ಉದಯರವಿ’ ಎಂದು ಹೆಸರಿಟ್ಟುದು ಕನ್ನಡಿಗರು ಬಲ್ಲ ಸಂಗತಿ. ಇಂಥ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಯಿಸಿದವರುಂಟು, ಗಾರೆಯಲ್ಲಿ ಎತ್ತಿಸಿದವರುಂಟು, ಹಲಗೆಯ ಮೇಲೆ ಬಣ್ಣದಿಂದ ಬರೆಯಿಸಿದವರುಂಟು. ಈಚೆಗೆ ಹೊಸದೊಂದು ಬಗೆ ಕಾಣಬರುತ್ತಿದೆ. ಹಗಲಿನಲ್ಲಿ ಅದು ಬರಿಯ ತಿಳಿಗಾಜಿನ ತುಂಡಿನಂತಿರುವುದು. ಕತ್ತಲಾದ ಮೇಲೆ ಗುಂಡಿಯನ್ನೊತ್ತಿದರೆ ಅಕ್ಷರಗಳು ಮಾತ್ರ ಬೆಳಗುತ್ತವೆ. ದೀಪ ಎಲ್ಲಿದೆಯೆಂಬುದು ಕಾಣುವುದಿಲ್ಲ. ಇಂಥ ಫಲಕವನ್ನು ಮನೆಯ ಮೇಜಿನ ಮೇಲೆಯೇ ಸಣ್ಣ ಯಂತ್ರವೊಂದರಿಂದ ಕೊರೆದುಕೊಳ್ಳುವ ಅನುಕೂಲವೂ ಈಗ ಒದಗಿದೆ. ಈ ಸಲ ಅದನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ.

ಮೊದಲು ಹಲಗೆಯ ವಿಚಾರ. ನೋಡುವುದಕ್ಕೆ ಗಾಜಿನಂತಿದ್ದರೂ ಇದು ಗಾಜಲ್ಲ. ಅಕ್ರಿಲಿಕ್ ಎಂಬ ಕೃತಕ ವಸ್ತು. ಜರ್ಮನಿಯ ಓಟ್ಟೊ ರೋಮ್ ಎಂಬ ರಸಾಯನಶಾಸ್ತ್ರಜ್ಞನು ೧೯೩೩ರಲ್ಲಿ ಇದಕ್ಕೆ ಪ್ಲೆಕ್ಸಿಗ್ಲಾಸ್ ಎಂಬ ಹೆಸರನ್ನು ನೋಂದಾಯಿಸಿದನು. ಇಂಗ್ಲೆಂಡಿನಲ್ಲಿ ಇದೇ ವಸ್ತು ಪರ್‌ಸ್ಪೆಕ್ಸ್ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ನಡೆಸುವವರ ಮುಂದಿನ ಪಾರದರ್ಶಕ ಮರೆಗಳಿಗೆ ಇದನ್ನು ಬಳಸಿದರು. ಒಂದೇ ಅಳತೆಯ ಗಾಜಿನೊಡನೆ ತೂಗಿ ನೋಡಿದರೆ ಇದು ಅರ್ಧದಷ್ಟೂ ತೂಗದು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೯೨ ಪಾಲನ್ನು ಆಚೆಗೆ ಬಿಟ್ಟುಕೊಡುವಷ್ಟು ನಿರ್ಮಲವಾದುದು.

ಮುಖದ ಮೇಲೆ ಬಿದ್ದ ಬೆಳಕನ್ನು ಇಷ್ಟು ಧಾರಾಳವಾಗಿ ಬಿಡುವ ಈ ಹಲಗೆ, ಅಂಚಿನಿಂದ ಒಳಹೊಕ್ಕ ಬೆಳಕನ್ನು ಮಾತ್ರ ಸೆರೆಹಿಡಿದುಬಿಡುತ್ತದೆ. ಇದೇನು ವಿಚಿತ್ರವೆಂದು ಕೇಳುವ ಮಕ್ಕಳಿಗೆ ಅಡಿಗೆಮನೆಯಲ್ಲಿಯೇ ಉತ್ತರ ತೋರಿಸಬಹುದು. ಗಾಜಿನ ಲೋಟದ ತುಂಬ ನೀರು ತುಂಬಿ, ಅದನ್ನು ಕಣ್ಣಿಗಿಂತ ಮೇಲಕ್ಕೆತ್ತಿ, ಪಕ್ಕದಿಂದ ಓರೆಯಾಗಿ ನೀರಿನ ಮೇಲ್ಮೈಯ ತಳಭಾಗವನ್ನು ನೋಡಲಿ. ಅದು ಬೆಳ್ಳಿಯ ತಗಡಿನಂತೆ ಹೊಳೆಯುವುದು. ಓರೆಯಾಗಿ ಬಂದ ಬೆಳಕು ನೀರಿನಿಂದ ಗಾಳಿಗೆ ದಾಟಲಾರದೆ ಹಿಂದಿರುಗುವುದೇ ಇದಕ್ಕೆ ಕಾರಣ. ಹಾರಿಬೀಳುವ ನೀರಿನ ಧಾರೆಯೊಳಗೆ ಬೆಳಕು ಹೀಗೆಯೇ ಸೆರೆಯಾಗಿ ಧಾರೆಯೊಡನೆ ಬಾಗಿ ಸಾಗುವುದನ್ನು ಜಿನೀವಾ ನಗರದ ಕೊಲಾಡನ್ ಎಂಬ ವಿಜ್ಞಾನಿ ೧೮೪೨ರಲ್ಲಿ ಪ್ರಕಟಿಸಿದನು. ಅಕ್ರಿಲಿಕ್ಕಿನ ಲೆಕ್ಕ ಹೀಗೆ: ಒಳಗಿನ ಕಿರಣವು ನಯವಾದ ಮುಖವನ್ನು, ಆ ಮುಖಕ್ಕೆ ಎಳೆದ ಲಂಬದಿಂದ ೪೨ ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮುಟ್ಟಿದರೆ ಹೊರಗೆ ಹೋಗಲಾರದು. ಕೆಳಗಿನ ಅಂಚಿನಿಂದ ಹೊಕ್ಕ ಕಿರಣಗಳು ಎರಡು ಮುಖಗಳನ್ನೂ ಅದಕ್ಕಿಂತ ಓರೆಯಾಗಿಯೇ ಮುಟ್ಟುತ್ತವೆ. ಆದಕಾರಣ ಅವು ಆ ಮುಖಕ್ಕೂ ಈ ಮುಖಕ್ಕೂ ಬಡಿಯುತ್ತ ಮೇಲೇರುತ್ತವೆ. ನೋಡುವವರಿಗೆ ಹಲಗೆ ಕತ್ತಲಾಗಿಯೇ ಇರುತ್ತದೆ. ಆದರೆ ಆ ನಯವಾದ ಮುಖದ ಮೇಲೆ ಎಲ್ಲಿ ಒಂದು ಗೀರು ಬಿದ್ದಿದೆಯೋ ಅಲ್ಲಿ ಈ ನಿಯಮ ಮುರಿಯಿತು. ತರಿತರಿಯಾದ ಆ ಜಾಗದಲ್ಲಿ ಬೆಳಕು ಚೆದರಿ ಹೊರಕ್ಕೆ ಬರುವುದು. ಗಾಯವಾದಲ್ಲಿ ಮಾತ್ರ ಬೆಳಕು. ಈ ಕುಶಲಕರ್ಮದ ರಹಸ್ಯವೆಲ್ಲವೂ ಇಷ್ಟೇ.

ಈ ಮಾತು ತಾಳೆಗರಿಯನ್ನು ನೆನಪಿಗೆ ತರುತ್ತದೆ. ಬರೆಯುವುದೆಂಬ ಅರ್ಥದ ಸಂಸ್ಕೃತದ ‘ಲಿಖ್’ ಧಾತುವಿಗೆ ಮೊದಲಿನ ಅರ್ಥ ಗೀರುವುದು ಎಂದೇ. ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿದ ಅಕ್ಷರ ಒಡನೆಯೇ ಸ್ಪಷ್ಟವಾಗಿ ಕಾಣದು. ಮೇಲೆ ಕಾಡಿಗೆಯನ್ನು ಸವರಿ ಒರೆಸಿದಾಗ ಮಸಿ ಗೀರುಗಳಲ್ಲಿ ನಿಂತು ಅಕ್ಷರವು ತೋರಿಬರುವುದು. ನಮ್ಮೂರಿನಲ್ಲಿ ೧೮೯೧ರಲ್ಲಿ ಆರಂಭವಾದ ಪ್ರಾಚ್ಯ ಗ್ರಂಥಾಲಯದಲ್ಲಿ—ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ—ಇಂಥ ಗರಿಗಳ ದೊಡ್ಡ ಸಂಗ್ರಹವೇ ಇದೆ. ಕೌಟಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಾಶಾಸ್ತ್ರಿಗಳು ಅಲ್ಲಿಗೆ ಬಂದ ತಾಳೆಗರಿಯ ಪ್ರತಿಯಿಂದ ಓದಿ ೧೯೦೯ರಲ್ಲಿ ಅಚ್ಚು ಹಾಕಿಸಿದರು. ಯಾರೋ ಒಬ್ಬ ಲಿಪಿಕಾರನು ಒಂದೊಂದು ಗೀರನ್ನೂ ಎಚ್ಚರದಿಂದ ಗೀರಿದ್ದರಿಂದಲ್ಲವೇ ಆ ಗ್ರಂಥ ನಮ್ಮ ಕೈಸೇರಿದುದು? ಗರಿಯಲ್ಲಿ ಮಸಿ ಮಾಡಿದ ಕೆಲಸವನ್ನು ಅಕ್ರಿಲಿಕ್ಕಿನಲ್ಲಿ ಬೆಳಕು ಮಾಡುತ್ತದೆ. ಗೀರುವವನ ಹೊಣೆ ಮಾತ್ರ ಎರಡರಲ್ಲಿಯೂ ಒಂದೇ.

ಈಗ ಗೀರುವ ಯಂತ್ರದ ವಿಚಾರ. ಇದನ್ನು ಸಿ.ಎನ್.ಸಿ. ಯಂತ್ರವೆನ್ನುತ್ತಾರೆ. ಗಣಕವು ಸಂಖ್ಯೆಗಳನ್ನು ಕೊಟ್ಟು ನಡೆಸುವ ಕೊರೆಯುವ ಯಂತ್ರ ಎಂದು ಅರ್ಥ. ಚುಕ್ಕಿ ರಂಗೋಲಿ ಹಾಕುವ ಹೆಣ್ಣುಮಕ್ಕಳಿಗೆ ಇದರ ತತ್ತ್ವವನ್ನು ಹೇಳಿಕೊಡಬೇಕಾದುದಿಲ್ಲ. ಅಡ್ಡಸಾಲಿನಲ್ಲಿ ಎಷ್ಟನೆಯ ಚುಕ್ಕಿ, ಉದ್ದಸಾಲಿನಲ್ಲಿ ಎಷ್ಟನೆಯ ಚುಕ್ಕಿ ಎಂದು ಹೇಳಿದರೆ ನೆಲದ ಮೇಲಿನ ಯಾವ ಸ್ಥಳವನ್ನಾದರೂ ಗುರುತಿಸಬಹುದಷ್ಟೆ. ಯಂತ್ರಕ್ಕೂ ಹೀಗೆಯೇ ಎರಡು ಸಂಖ್ಯೆಗಳನ್ನು ಕೊಡುತ್ತಾರೆ. ಉಳಿ ಎಷ್ಟು ಕೆಳಗಿಳಿಯಬೇಕೆಂಬುದಕ್ಕೆ ಮೂರನೆಯದೊಂದು. ಮೂರು ಸಣ್ಣ ಮೋಟಾರುಗಳು ಆ ಸಂಖ್ಯೆಗಳಂತೆ ಹೆಜ್ಜೆಹೆಜ್ಜೆಯಾಗಿ ತಿರುಗಿ ಉಳಿಯನ್ನು ಒಯ್ಯುತ್ತವೆ. ಅಮೆರಿಕದ ಜಾನ್ ಪಾರ್ಸನ್ಸ್ ಎಂಬವನ ಯೋಚನೆಯ ಮೇಲೆ ಅಲ್ಲಿನ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದವರು ಇಂಥ ಮೊದಲ ಯಂತ್ರವನ್ನು ೧೯೫೨ರಲ್ಲಿ ನಡೆಸಿ ತೋರಿಸಿದರು. ಅಂದು ಅದು ಕೋಣೆಯನ್ನು ತುಂಬುವಂಥದು. ತೂತು ಕೊರೆದ ಪಟ್ಟಿಯಿಂದ ಅಪ್ಪಣೆ ಪಡೆಯುತ್ತಿತ್ತು. ಇಂದು ಮನೆಗಳಿಗೆ ಬರುತ್ತಿರುವ ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾದುದು ೩೦ ಸೆಂಟಿಮೀಟರ್ ಉದ್ದ, ೧೮ ಸೆಂಟಿಮೀಟರ್ ಅಗಲದೊಳಗೆ ಕೊರೆಯುವಂಥದು. ಒಂದು ಮನೆಯ ಹೆಸರಿಗೆ ಅಷ್ಟು ಸಾಕು.

ಕೆಲಸದ ಕ್ರಮವನ್ನು ಸಂಗ್ರಹವಾಗಿ ಹೇಳುವುದಾದರೆ: ಹಲಗೆ ೫ ಅಥವಾ ೬ ಮಿಲ್ಲಿಮೀಟರ್ ದಪ್ಪವಿರಲಿ. ಅಕ್ರಿಲಿಕ್ಕಿನಲ್ಲಿ ಅಚ್ಚಿನಲ್ಲಿ ಎರಕ ಹೊಯ್ದದ್ದು, ಯಂತ್ರದಲ್ಲಿ ಒತ್ತಿ ಹಾಳೆಯಾಗಿ ಎಳೆದದ್ದು ಎಂದು ಎರಡು ಜಾತಿ. ಎರಕದ್ದೇ ಕೊರೆಯುವುದಕ್ಕೆ ಯೋಗ್ಯ. ಎರಡನೆಯದು ಉಳಿಯ ಬಿಸಿಗೆ ಬೇಗ ಕರಗಿ ಅಂಟಾಗುತ್ತದೆ. ಉಳಿ ತುದಿಯಲ್ಲಿ ಚೂಪಾಗಿರಬೇಕು. ಗೀರಿನ ಆಳ ಮಿಲ್ಲಿಮೀಟರಿನ ಮೂರರಲ್ಲೊಂದು ಪಾಲಿದ್ದರೂ ಬೆಳಕು ಚೆನ್ನಾಗಿ ನಿಲ್ಲುವುದು. ಅಕ್ಷರಗಳನ್ನು ಹಲಗೆಯ ಹಿಂಬದಿಯಲ್ಲಿ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿ ಕೊರೆಯುವುದು ಒಳ್ಳೆಯದು. ಮುಂದಿನಿಂದ ಅವು ಸರಿಯಾಗಿ ಓದಿಕೊಳ್ಳುತ್ತವೆ. ಮುಂಭಾಗ ನಯವಾಗಿ ಉಳಿದು ಧೂಳು ಗೀರುಗಳಲ್ಲಿ ಕೂರದು. ಬೆಳಕು ಹೊಗುವ ಕೆಳ ಅಂಚನ್ನು ಉಪ್ಪುಕಾಗದದಿಂದ ಒರಟಿನಿಂದ ನಯಕ್ಕೆ ಕ್ರಮವಾಗಿ ಉಜ್ಜಿ ಹೊಳಪು ಬರಿಸಬೇಕು. ಆಮೇಲೆ ಮರದ ಪೀಠವೊಂದರಲ್ಲಿ ಸಂದು ಮಾಡಿ, ಸಂದಿನ ತಳದಲ್ಲಿ ೧೨ ವೋಲ್ಟಿನ ಎಲ್.ಇ.ಡಿ. ಪಟ್ಟಿಯನ್ನು ಅಂಟಿಸಿ, ಹಲಗೆಯನ್ನು ಅದರ ಮೇಲೆ ನಿಲ್ಲಿಸುವುದು. ದೀಪದಿಂದ ದೂರವಾದಷ್ಟೂ ಬೆಳಕು ಕುಂದುವುದರಿಂದ, ಮೇಲಿನ ಸಾಲನ್ನು ಕೆಳಗಿನದಕ್ಕಿಂತ ತುಸು ಆಳವಾಗಿ ಕೊರೆಯುವುದು ಜಾಣತನ.

ಗೃಹಸ್ಥರು ಮರೆಯಬಾರದ ಎಚ್ಚರಿಕೆಗಳೂ ಕೆಲವು ಉಂಟು. ಯಂತ್ರ ತಿರುಗುತ್ತಿರುವಾಗ ಕಣ್ಣಿಗೆ ಕನ್ನಡಕವಿರಲಿ. ಮಕ್ಕಳನ್ನು ಅದರ ಬಳಿ ಒಂಟಿಯಾಗಿ ಬಿಡಬಾರದು. ಅದನ್ನು ನಡೆಯಲು ಬಿಟ್ಟು ದೊಡ್ಡವರೂ ಎದ್ದುಹೋಗಬಾರದು. ಸಿದ್ಧವಾದ ಫಲಕವನ್ನು ಸ್ಪಿರಿಟ್ಟಿನಿಂದ ಒರೆಸಕೂಡದು; ಅದರಿಂದ ಕೊರೆದ ಜಾಗದ ಸುತ್ತ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಸಾಬೂನಿನ ನೀರು, ಮೆತ್ತನೆಯ ಬಟ್ಟೆ, ಇವೆರಡು ಸಾಕು. ಒರಟು ಬಟ್ಟೆಯಿಂದ ಉಜ್ಜಿದರೆ ಒಂದೊಂದು ಗೀಚೂ ರಾತ್ರಿಯಲ್ಲಿ ಬೆಳಗಿ ನಮ್ಮ ಅವಸರವನ್ನು ನೆರೆಹೊರೆಗೆ ಸಾರುವುದು.

ಇಷ್ಟೆಲ್ಲ ಸರಿಯಾದರೂ ನಿಜವಾದ ತೊಡಕು ಉಳಿದೇ ಇದೆ. ಅದು ಕನ್ನಡ ಅಕ್ಷರದ್ದು. ಗಣಕದ ಅಕ್ಷರಮಾದರಿಗಳು ಅಕ್ಷರದ ಸುತ್ತಲಿನ ಎಲ್ಲೆಯನ್ನು ಮಾತ್ರ ತಿಳಿಸುತ್ತವೆ. ಅದನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟರೆ ಒಂದು ಗೆರೆಯ ಬದಲು ಎರಡು ಗೆರೆಗಳು ಮೂಡಿ, ಒತ್ತಕ್ಷರಗಳು ಕಲಸಿಹೋಗುತ್ತವೆ. ಒಳಗನ್ನು ತುಂಬಿಸಿ ಕೊರೆಯಬೇಕು. ಒತ್ತುಗಳು ಬಿಡಿಸಿ ಕಾಣುವಷ್ಟು ಅಕ್ಷರವನ್ನು ದೊಡ್ಡದು ಮಾಡಬೇಕು. ಇದಕ್ಕಿಂತ ಅನರ್ಥಕಾರಿಯಾದುದು ಇನ್ನೊಂದು. ಕೊರೆಯುವ ಕೆಲಸದ ತಂತ್ರಾಂಶಗಳು ಹಲವಕ್ಕೆ ನಮ್ಮ ಸಂಯುಕ್ತಾಕ್ಷರಗಳ ಜೋಡಣೆ ತಿಳಿಯದು. ‘ಶ್ರೀ’ ಎಂದು ಕೊಟ್ಟರೆ ಅವು ಶಕಾರವನ್ನೂ ರೇಫವನ್ನೂ ಬೇರೆ ಬೇರೆ ನಿಲ್ಲಿಸಿಬಿಡುತ್ತವೆ. ಆದುದರಿಂದ, ಕನ್ನಡವನ್ನು ಸರಿಯಾಗಿ ತೋರಿಸುವ ತಂತ್ರಾಂಶದಲ್ಲಿ ಹೆಸರನ್ನು ಬರೆದು, ಅದನ್ನು ಅಲ್ಲಿಯೇ ಬರಿಯ ರೇಖಾಚಿತ್ರವನ್ನಾಗಿ ಮಾರ್ಪಡಿಸಿ, ಆ ಬಳಿಕವೇ ಯಂತ್ರದ ಕಡೆಗೆ ಒಯ್ಯತಕ್ಕದ್ದು.

ತಂತ್ರಾಂಶದ ತಪ್ಪಿಗೆ ಹೀಗೆ ಮದ್ದುಂಟು. ಮನುಷ್ಯರ ತಪ್ಪಿಗೆ ವ್ಯಾಕರಣವೇ ಮದ್ದು. ‘ಆಶೀರ್ವಾದ’ ಎಂಬುದನ್ನು ‘ಆರ್ಶೀವಾದ’ ಎಂದು ಬರೆದ ಫಲಕಗಳು ಎಷ್ಟಿಲ್ಲ! ಅರ್ಕಾವೊತ್ತನ್ನು ಉಚ್ಚರಿಸುವುದು ಮೊದಲು, ಬರೆಯುವುದು ಆಮೇಲಿನ ಅಕ್ಷರದ ಪಕ್ಕದಲ್ಲಿ. ಈ ಸಣ್ಣ ನಿಯಮ ಮರೆತುದರ ಫಲವಿದು. ‘ಮಾತೃಛಾಯ’ ಎಂದು ಬರೆಯುವವರು ಹ್ರಸ್ವಸ್ವರದ ಮುಂದಿನ ಛಕಾರಕ್ಕೆ ಚಕಾರ ಸೇರುವುದೆಂಬ ಸಂಧಿಯನ್ನು ಬಿಟ್ಟಿರುತ್ತಾರೆ. ‘ಮಾತೃಚ್ಛಾಯಾ’ ಎಂಬುದು ಸಾಧುರೂಪ. ಸಂಸ್ಕೃತದ ರೀತಿ ಬೇಕಾದವರು ‘ಗುರುಕೃಪಾ’ ಎನ್ನಲಿ, ಕನ್ನಡದ ರೀತಿ ಬೇಕಾದವರು ‘ಗುರುಕೃಪೆ’ ಎನ್ನಲಿ. ‘ಗುರುಕೃಪ’ ಎಂಬುದು ಆ ಕಡೆಗೂ ಸಲ್ಲದು, ಈ ಕಡೆಗೂ ಸಲ್ಲದು. ೨೦೨೪ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯು ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ನೂರಕ್ಕೆ ೬೦ ಪಾಲು ಕನ್ನಡವಿರಬೇಕೆಂದು ವಿಧಿಸಿದೆ. ಸಂತೋಷವೇ ಸರಿ. ಆದರೆ ಕಾಯಿದೆಯು ಕನ್ನಡಕ್ಕೆ ಸ್ಥಳವನ್ನು ಕೊಡಿಸಬಲ್ಲುದು. ಶುದ್ಧಿಯನ್ನು ನಾವೇ ತಂದುಕೊಳ್ಳಬೇಕು. ಬಣ್ಣದ ಹಲಗೆಯ ತಪ್ಪು ಮಳೆಬಿಸಿಲಿಗೆ ಮಾಸಿಹೋದೀತು. ಅಕ್ರಿಲಿಕ್ಕಿನ ತಪ್ಪು ಮಾಸುವುದಿಲ್ಲ; ಅದಕ್ಕೆ ದಿನವೂ ದೀಪಾರಾಧನೆ ಬೇರೆ!

ನಮ್ಮ ಪ್ರಾಚೀನರು ಈ ಕೆಲಸವನ್ನು ಹೇಗೆ ಹಂಚಿಕೊಂಡಿದ್ದರೆಂಬುದು ಶಾಸನಗಳನ್ನು ನೋಡಿದರೆ ತಿಳಿಯುತ್ತದೆ. ಎಷ್ಟೋ ಶಾಸನಗಳ ಕೊನೆಯಲ್ಲಿ ಪಾಠವನ್ನು ರಚಿಸಿದವನು ಒಬ್ಬ, ಬರೆದವನು ಒಬ್ಬ, ಕಂಡರಿಸಿದವನು ಇನ್ನೊಬ್ಬ ಎಂದು ಬೇರೆ ಬೇರೆ ಹೆಸರುಗಳು ಬರುತ್ತವೆ. ಕಂಡರಿಸುವುದೆಂದರೆ ಉಳಿಯಿಂದ ಕೊರೆಯುವುದು. ಈ ಮೂವರಲ್ಲಿ ಯಂತ್ರವು ವಹಿಸಿಕೊಂಡಿರುವುದು ಮೂರನೆಯವನ ಕೆಲಸವನ್ನು ಮಾತ್ರ. ಮನೆಗೆ ಯಾವ ಹೆಸರು ಒಪ್ಪುವುದೆಂದು ಆರಿಸುವುದು ಅದಕ್ಕೆ ತಿಳಿಯದು. ಆ ಹೆಸರನ್ನು ತಪ್ಪಿಲ್ಲದೆ, ಅಂದವಾಗಿ ಬರೆಯುವುದೂ ತಿಳಿಯದು. ಕೊಟ್ಟುದನ್ನು ಕೊರೆಯುವುದು, ತಪ್ಪಾದರೆ ತಪ್ಪನ್ನೇ ಅಷ್ಟೇ ಶ್ರದ್ಧೆಯಿಂದ ಕೊರೆಯುವುದು, ಇದು ಅದರ ಸ್ವಭಾವ. ಮೊದಲಿನ ಇಬ್ಬರ ಕೆಲಸವೂ ಯಂತ್ರದ ಪಾಲಿಗೇ ಹೋಯಿತೆಂದು ನಾವು ಕೈಕಟ್ಟಿ ಕುಳಿತರೆ ಆ ಎರಡು ವಿದ್ಯೆಗಳೂ ಕಾಲಾನುಕ್ರಮದಲ್ಲಿ ಮರೆತುಹೋಗುವುವು.

ಆ ನಷ್ಟ ಈಗಾಗಲೇ ಒಂದಿಷ್ಟು ಆಗಿದೆ. ಅಂಗಡಿಯ ಹಲಗೆಗಳ ಮೇಲೆ ಕುಂಚದಿಂದ ಬರೆಯುತ್ತಿದ್ದ ಕುಶಲರು, ಅಚ್ಚಾದ ಫ್ಲೆಕ್ಸ್ ಹಾಳೆಗಳು ಬಂದಮೇಲೆ ಕೆಲಸವಿಲ್ಲದೆ ಬೇರೆ ವೃತ್ತಿಗಳನ್ನು ಹಿಡಿದರು. ತಲೆಕಟ್ಟು ಎಲ್ಲಿ ಬಾಗಬೇಕು, ಒತ್ತು ಎಷ್ಟು ಕೆಳಗೆ ನಿಲ್ಲಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ವಿಚಾರ ಮಾಡಿದರೆ, ಅವರ ಕೈಯನ್ನು ಕಿತ್ತುಕೊಂಡ ಯಂತ್ರಗಳ ಕುಲದಲ್ಲಿಯೇ ಹುಟ್ಟಿದ ಈ ಯಂತ್ರವು ಆ ಕೈಯನ್ನು ಉಳಿಸಿಕೊಡಲೂ ಬಲ್ಲುದು. ಅಂಥ ಲೇಖಕರೊಬ್ಬರು ನಿಮ್ಮ ಬೀದಿಯಲ್ಲಿದ್ದರೆ ಅವರಿಂದ ಕಾಗದದ ಮೇಲೆ ದಪ್ಪ ಮಸಿಯಲ್ಲಿ ಹೆಸರನ್ನು ಬರೆಯಿಸಿ, ತಕ್ಕ ಸಂಭಾವನೆ ಕೊಡಿ. ಅದರ ಛಾಯಾಚಿತ್ರವನ್ನು ತೆಗೆದು ಗಣಕದಲ್ಲಿ ರೇಖೆಗಳಾಗಿ ಮಾರ್ಪಡಿಸಿದರೆ, ಯಂತ್ರವು ಆ ಕೈಬರಹವನ್ನೇ ಕೊರೆಯುವುದು. ಲೇಖಕರು ದೊರೆಯದಿದ್ದರೆ ಮನೆಯ ಹಿರಿಯರೇ ಬರೆಯಲಿ. ಅಜ್ಜಿಯ ಕೈ ಸ್ವಲ್ಪ ನಡುಗಿದರೂ ಚಿಂತೆಯಿಲ್ಲ. ಗಣಕದ ಅಕ್ಷರಮಾದರಿ ಊರಿಗೆಲ್ಲ ಒಂದೇ. ಅಜ್ಜಿಯ ಅಕ್ಷರ ಆ ಮನೆಗೆ ಒಂದೇ. ಅವರು ಇಲ್ಲದ ಕಾಲದಲ್ಲಿಯೂ ಸಂಜೆಯಾದೊಡನೆ ಅದು ಬಾಗಿಲಲ್ಲಿ ಬೆಳಗುವುದು.

ಕಡೆಯದಾಗಿ ಒಂದು ಸೂಚನೆ. ಯಂತ್ರಕ್ಕೆ ಅಪ್ಪಣೆ ಕೊಡುವ ಮೊದಲು ಹೆಸರನ್ನು ಅದೇ ಅಳತೆಯಲ್ಲಿ ಕಾಗದದ ಮೇಲೆ ತೆಗೆದು, ಒಂದು ದಿನ ಗೋಡೆಗೆ ಅಂಟಿಸಿಡಿ. ಶಾಲೆಗೆ ಹೋಗುವ ಮಗುವಿನಿಂದ ಅದನ್ನು ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿಸಿ; ಓದುಬಲ್ಲ ಹಿರಿಯರೊಬ್ಬರಿಗೆ ತೋರಿಸಿ. ಮಗು ತಡವರಿಸದೆ ಓದಿದರೆ, ಹಿರಿಯರು ತಲೆದೂಗಿದರೆ, ಆಗ ಯಂತ್ರದ ಗುಂಡಿಯನ್ನು ಒತ್ತಬಹುದು.